ಫುಡ್ ಬ್ಯಾಂಕಿನಲ್ಲಿ ಆರು ಪಾಳಿ: ಬಿಸಿಯೂಟದ ಟೀಚರ್ ಕೊಟ್ಟ ಮಾರ್ಕ್ಸು

ಮೊದಲ ದಿನವೇ ನನ್ನ ಬಳೆ ತೆಗೆಸಿದರು.

ಕೈಗೆ ಎರಡೆರಡು ಹಸಿರು ಗಾಜಿನ ಬಳೆ, ಅಷ್ಟೇ. ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಕೈ ನೋಡಿದಳು, ಮುಖ ನೋಡಿದಳು, ಏನೋ ಹೇಳಲು ಹೋಗಿ ತಡೆದಳು. ಮಗಳು "ಅಮ್ಮ, ಬೇಜಾರು ಮಾಡ್ಕೋಬೇಡ" ಅಂತ ಶುರು ಮಾಡುವಷ್ಟರಲ್ಲಿ ನಾನೇ ಬಳೆ ಕಳಚಿ, ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಬೇಜಾರು ಯಾಕೆ? ತಿಪಟೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಹನ್ನೊಂದು ವರ್ಷ ಮುಖ್ಯ ಶಿಕ್ಷಕಿಯಾಗಿದ್ದೆ. ಅಲ್ಲಿ ಬಿಸಿಯೂಟದ ಅಡುಗೆಯವರ ಬಳೆ ತೆಗೆಸಿದವಳು ನಾನೇ. ಒಂದು ದಿನ ಹುಳಿಯಲ್ಲಿ ಗಾಜಿನ ಚೂರು ಸಿಕ್ಕಿತ್ತು. ಮಕ್ಕಳಿಗೆ ಬಡಿಸುವ ಮೊದಲು ಟೀಚರ್ ರುಚಿ ನೋಡಬೇಕು ಅನ್ನೋ ನಿಯಮ ಇದ್ದದ್ದರಿಂದ ಅದು ನನ್ನ ತಟ್ಟೆಗೇ ಬಂತು, ಪುಣ್ಯ. ಮುತ್ತೈದೆಯರ ಬಳೆ ತೆಗೆಸ್ತಾಳೆ ಅಂತ ಅಡುಗೆಯವರಿಬ್ಬರೂ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ಹಾಗಾಗಿ ಆ ಹುಡುಗಿಗೆ ಬಾಗಿಲಲ್ಲೇ ಹತ್ತಕ್ಕೆ ಹತ್ತು.

ಇದು ಅಮೆರಿಕದ ಬೇ ಏರಿಯಾದ, ಅಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ, ಒಂದು ಫುಡ್ ಬ್ಯಾಂಕಿನ ವಿಷಯ. ಆಹಾರ ಕೂಡಿಸಿ ಇಲ್ಲದವರಿಗೆ ಹಂಚಲು ಕಳಿಸುವ ಸಂಸ್ಥೆ ಅದು. ಮಗಳ ಮನೆಗೆ ಆರು ತಿಂಗಳಿಗೆ ಅಂತ ಬಂದಿದ್ದೇನೆ. ಎರಡು ತಿಂಗಳಲ್ಲಿ ಆರು ಪಾಳಿ ಕೆಲಸ ಮಾಡಿದೆ. ಇಂಥ ಸಂಸ್ಥೆಗಳು ಇಲ್ಲಿ ನಾಲ್ಕಾರು ಇವೆ, ನಾನು ಹೋದದ್ದು ಯಾವುದು ಅಂತ ಹೇಳಲ್ಲ. ಕೆಲವು ಹುಳುಕು ಬರೆಯಬೇಕಾಗಿದೆ. ಒಳ್ಳೆ ಕೆಲಸ ಮಾಡುವವರ ಹೆಸರು ಹಿಡಿದು ಎಳೆಯೋದು ನನಗೆ ಸರಿ ಕಾಣಲ್ಲ. ಮಕ್ಕಳ ಮನೆಗೆ ಬಂದು, ಬೆಳಗ್ಗೆ ವಾಕಿಂಗು, ಮಧ್ಯಾಹ್ನ ಸೀರಿಯಲ್ಲು, ಸಂಜೆ "ಎಷ್ಟೊತ್ತಿಗೆ ಬರ್ತೀರಾ" ಅಂತ ಫೋನು ಮಾಡುತ್ತಾ ಕೂತಿರುವ ನನ್ನಂಥ ಅಪ್ಪ ಅಮ್ಮಂದಿರು ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನನಗೂ ಒಂದು ಅನುಮಾನ ಇತ್ತು. ಗೂಗಲ್ಲು, ಆಪಲ್ಲು ಇರೋ ಊರಲ್ಲಿ ಹಸಿವಾ? ಎರಡು ಬೆಡ್‌ರೂಮಿನ ಮನೆಗೆ ಮಗಳು ಕೊಡುವ ಬಾಡಿಗೆ ಕೇಳಿದ ಮೇಲೆ ಅನುಮಾನ ಹೋಯಿತು. ತಿಂಗಳಿಗೆ 3,400 ಡಾಲರ್. ಅವಳಿಗೆ ಸಂಬಳ ಬರುತ್ತೆ, ಕೊಡುತ್ತಾಳೆ. ಅವಳ ಆಫೀಸು ಗುಡಿಸುವವರು, ಹೋಟೆಲಲ್ಲಿ ಪಾತ್ರೆ ತೊಳೆಯುವವರು, ಮೊಮ್ಮಗನ ಡೇಕೇರ್‌ನ ಆಯಾ, ಇವರೂ ಇದೇ ಊರಲ್ಲೇ ಇರಬೇಕಲ್ವಾ? ಬಾಡಿಗೆ ಕಡಿಮೆ ಕೊಡುತ್ತೇನೆ ಅಂದರೆ ಮನೆ ಬಿಡಿಸುತ್ತಾರೆ. ಕಾರು ಇಲ್ಲದಿದ್ದರೆ ಕೆಲಸಕ್ಕೆ ಹೋಗೋಕಾಗಲ್ಲ. ಕೊನೆಗೆ ಕೈಗೆ ಸಿಗೋದು ಊಟದ ಖರ್ಚು ಒಂದೇ, ಅದನ್ನೇ ಹಿಂಡುತ್ತಾರೆ. ಸರ್ಕಾರದ ನೆರವು ಇದೆ. ದೇಶಕ್ಕೆಲ್ಲ ಅದರ ಹೆಸರು ಸ್ನ್ಯಾಪ್, ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಫ್ರೆಶ್. ಎಟಿಎಂ ಕಾರ್ಡಿನಂಥ ಒಂದು ಕಾರ್ಡಿಗೆ ತಿಂಗಳಿಗಿಷ್ಟು ಅಂತ ದುಡ್ಡು ಹಾಕುತ್ತಾರೆ. ಆದಾಯದ ಮಿತಿ ದಾಟಿದರೆ ಸಿಗಲ್ಲ. ನಮ್ಮೂರ ಬಿಪಿಎಲ್ ಕಾರ್ಡಿನ ಗೋಳು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಂಕ್ ಅನ್ನೋ ಹೆಸರು ಯಾಕೆ ಅಂತ ಮಗಳನ್ನು ಕೇಳಿದೆ, ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ತಿಳಿದದ್ದು ಇದು. 1967ರಲ್ಲಿ ಅರಿಜೋನಾದ ಫೀನಿಕ್ಸ್ ಊರಲ್ಲಿ ಜಾನ್ ವ್ಯಾನ್ ಹೆಂಗಲ್ ಅನ್ನುವವರು ಮೊದಲ ಫುಡ್ ಬ್ಯಾಂಕ್ ಶುರು ಮಾಡಿದರು. ಅಂಗಡಿಗಳ ಹಿಂದಿನ ಕಸದ ತೊಟ್ಟಿಯಲ್ಲಿ ತಿನ್ನುವಂಥದ್ದು ಹುಡುಕಿ ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು ಅವರಿಗೆ ಸಿಕ್ಕಳಂತೆ. ದುಡ್ಡಿಗೆ ಬ್ಯಾಂಕ್ ಇರುವ ಹಾಗೆ ಊಟಕ್ಕೂ ಒಂದು ಇರಬಾರದಾ, ಇದ್ದವರು ಇಟ್ಟು ಹೋಗಲಿ, ಇಲ್ಲದವರು ತಗೊಂಡು ಹೋಗಲಿ, ಅನ್ನೋ ಯೋಚನೆ ಅವಳ ಮಾತಿಂದ ಬಂತಂತೆ. ಈಗ ಇಡೀ ಅಮೆರಿಕದಲ್ಲಿ ಇಂಥವು ಇನ್ನೂರರ ಮೇಲೆ ಇವೆ. ಅಂಗಡಿಯವರು ಮಿಕ್ಕಿದ್ದನ್ನು ಎಸೆಯದೆ ಇಲ್ಲಿಗೆ ಕೊಡುವುದಕ್ಕೆ ಒಂದು ಕಾನೂನೂ ಕಾರಣ. 1996ರಲ್ಲಿ ಬಂದದ್ದು. ಒಳ್ಳೆ ಮನಸ್ಸಿಂದ ಕೊಟ್ಟ ಆಹಾರದಿಂದ ಯಾರಿಗಾದರೂ ತೊಂದರೆ ಆದರೆ, ಭಾರೀ ಅಜಾಗರೂಕತೆ ಇಲ್ಲವೇ ಬೇಕಂತಲೇ ತಪ್ಪು ಮಾಡಿದ್ದರೆ ಮಾತ್ರ ಕೊಟ್ಟವರು ಹೊಣೆ. ಇಲ್ಲಿ ಎಲ್ಲದಕ್ಕೂ ಕೋರ್ಟಿಗೆ ಹೋಗ್ತಾರಲ್ಲ, ಅದಿಲ್ಲದಿದ್ದರೆ ಯಾರೂ ಒಂದು ಬಾಳೆಹಣ್ಣೂ ಕೊಡುತ್ತಿರಲಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಿ. ಫುಡ್ ಬ್ಯಾಂಕ್ ಅಂದರೆ ಗೋಡೌನು. ಅಲ್ಲಿ ಊಟ ಮಾಡುವವರು ಯಾರೂ ಕಾಣಲ್ಲ. ಅಲ್ಲಿಂದ ಸಾಮಾನು ಚರ್ಚು, ಶಾಲೆ, ಸಮುದಾಯ ಭವನಗಳಿಗೆ ಹೋಗುತ್ತೆ, ಅಲ್ಲಿ ಜನರಿಗೆ ಹಂಚುತ್ತಾರೆ. ಹಂಚುವ ಜಾಗಕ್ಕೆ ಪ್ಯಾಂಟ್ರಿ ಅನ್ನುತ್ತಾರೆ. ಗೋಡೌನಿನ ಕೆಲಸ ಬೇರೆ, ಪ್ಯಾಂಟ್ರಿ ಕೆಲಸ ಬೇರೆ. ನಾನು ಇದನ್ನು ತಿಳಿಯದೆ ಹೋದೆ. ಬಡಿಸುವ ಕೆಲಸ ಇರುತ್ತೆ ಅಂದುಕೊಂಡಿದ್ದೆ.

ಹೆಸರು ಕೊಡುವುದು ಆನ್‌ಲೈನಲ್ಲಿ. ಶನಿವಾರದ ಪಾಳಿಗಳು ವಾರಗಟ್ಟಲೆ ಮುಂಚೆಯೇ ಭರ್ತಿ. ಮಂಗಳವಾರ, ಬುಧವಾರ ಬೆಳಗ್ಗೆ ಬೇಕಾದಷ್ಟು ಖಾಲಿ. ನಮಗೆ ಯಾವ ದಿನ ಆದರೇನು, ಎಲ್ಲಾ ದಿನವೂ ಭಾನುವಾರವೇ. ಏನಾದರೂ ಗಾಯ ಆದರೆ ನಿಮ್ಮನ್ನು ದೂರುವುದಿಲ್ಲ ಅಂತ ಒಂದು ಫಾರಂಗೆ ಸಹಿ ಹಾಕಬೇಕು. ಮುಂದೆ ಮುಚ್ಚಿದ ಶೂ ಕಡ್ಡಾಯ, ಚಪ್ಪಲಿ ಹಾಕಿಕೊಂಡು ಬಂದವರನ್ನು ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ. ಸೀರೆ ಪರವಾಗಿಲ್ಲವಾ ಅಂತ ಮಗಳು ಇಮೇಲ್ ಮಾಡಿ ಕೇಳಿದ್ದಳು, ಪರವಾಗಿಲ್ಲ ಅಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸ್ವೆಟರ್, ಅದರ ಮೇಲೆ ಅವರು ಕೊಟ್ಟ ಏಪ್ರನ್, ತಲೆಗೆ ಬಲೆ ಟೋಪಿ, ಕೈಗೆ ಗ್ಲೌಸು, ಕಾಲಿಗೆ ಮಗಳ ಹಳೇ ಸ್ಪೋರ್ಟ್ಸ್ ಶೂ. ಮೊಮ್ಮಗ ಫೋಟೋ ನೋಡಿ ಬಿದ್ದು ಬಿದ್ದು ನಕ್ಕ. ಅವನಿಗೆ ಒಂಬತ್ತು, ಆ ವಯಸ್ಸಿನವರನ್ನು ಅಲ್ಲಿ ಸೇರಿಸಲ್ಲ. ದುಡ್ಡು ಗಿಡ್ಡು ಏನೂ ಕೊಡಲ್ಲ, ಕೊಟ್ಟರೂ ನಾವು ತಗೊಳ್ಳುವ ಹಾಗಿಲ್ಲ. ನಮ್ಮದು ವಿಸಿಟರ್ ವೀಸಾ.

ಮೊದಲ ಪಾಳಿ ಕಿತ್ತಳೆ ಹಣ್ಣು.

ನಾಲ್ಕು ಅಡಿ ಎತ್ತರದ ರಟ್ಟಿನ ತೊಟ್ಟಿ, ಒಬ್ಬ ಮನುಷ್ಯ ಒಳಗೆ ಕೂತರೆ ಕಾಣದಷ್ಟು ದೊಡ್ಡದು. ಅಂಥವು ಹತ್ತು ಹದಿನೈದು. ಎಲ್ಲದರಲ್ಲೂ ಕಿತ್ತಳೆ. ಒಂದೊಂದು ಮೇಜಿಗೆ ಎಂಟು ಜನ. ಇಬ್ಬರು ಆರಿಸೋದು, ಮೂವರು ಚೀಲಕ್ಕೆ ತುಂಬೋದು, ಒಬ್ಬರು ಗಂಟು ಹಾಕೋದು, ಇಬ್ಬರು ಪೆಟ್ಟಿಗೆಗೆ ಹಾಕಿ ಮರದ ಹಲಗೆ ಮೇಲೆ ಪೇರಿಸೋದು. ಪೇರಿಸುವುದಕ್ಕೂ ಒಂದು ಲೆಕ್ಕ ಇದೆ. ಇಟ್ಟಿಗೆ ಗೋಡೆ ಕಟ್ಟುವ ಹಾಗೆ ಒಂದು ಸಾಲು ಉದ್ದ, ಮೇಲಿನ ಸಾಲು ಅಡ್ಡ. ಇಲ್ಲದಿದ್ದರೆ ಲಾರಿ ತಿರುವಿನಲ್ಲಿ ಮಗುಚಿಕೊಳ್ಳುತ್ತೆ. ಆ ಹಲಗೆ ಎಳೆಯುವ ಗಾಡಿಯನ್ನು ನಾವು ಮುಟ್ಟುವ ಹಾಗಿಲ್ಲ, ಅಲ್ಲಿನ ಕೆಲಸಗಾರರೇ ಎಳೆಯಬೇಕು.

ನನ್ನನ್ನು ಆರಿಸುವ ಕಡೆ ಹಾಕಿದರು. ಅಕ್ಕಿ ಆರಿಸಿದ ಕೈ, ಕಿತ್ತಳೆ ಏನು ಮಹಾ ಅಂದುಕೊಂಡೆ. ಅರ್ಧ ಗಂಟೆಯಲ್ಲಿ ನನ್ನ ಪಕ್ಕದ ಕಸದ ಡಬ್ಬ ತುಂಬಿತು. ಮೇಜಿನ ಮೇಲ್ವಿಚಾರಕ, ಉದ್ದನೆಯ ಗಡ್ಡದ ಹುಡುಗ, ಬಂದು ಡಬ್ಬಕ್ಕೆ ಕೈ ಹಾಕಿ ಒಂದು ಹಣ್ಣು ತೆಗೆದ. ಸಿಪ್ಪೆ ಮೇಲೆ ಕಂದು ಬಣ್ಣದ ಒರಟು ಕಲೆ, ಮರದ ಕೊಂಬೆಗೆ ಉಜ್ಜಿ ಆದದ್ದು. ಏನೂ ಹೇಳದೆ ಸಿಪ್ಪೆ ಸುಲಿದು ತೋರಿಸಿದ. ಒಳಗೆ ಹಣ್ಣು ಚೆನ್ನಾಗಿತ್ತು. ಇನ್ನೊಂದು ತೆಗೆದ, ಮೇಲೆ ನೋಡಲು ಚಿನ್ನದಂತಿತ್ತು, ನನ್ನ ಹೆಬ್ಬೆರಳು ಹಿಡಿದು ತೊಟ್ಟಿನ ಹತ್ತಿರ ಒತ್ತಿಸಿದ. ಬೆರಳು ಒಳಗೇ ಹೋಯಿತು, ಹುಳಿ ಹೆಂಡದ ವಾಸನೆ. ಅದನ್ನು ನಾನು ಒಳ್ಳೇದರ ಕಡೆ ಇಟ್ಟಿದ್ದೆ! ಕಣ್ಣು ಬೇಡ, ಬೆರಳು ಬೇಕು ಅನ್ನೋದು ಅವನ ಪಾಠ. ಸಿಪ್ಪೆಯ ಬಣ್ಣ, ಕಲೆ, ಆಕಾರ ಲೆಕ್ಕಕ್ಕಿಲ್ಲ. ಮೆತ್ತಗಾಗಿದ್ದರೆ, ಬೂಷ್ಟು ಹಿಡಿದಿದ್ದರೆ, ಸೋರುತ್ತಿದ್ದರೆ ಹೊರಗೆ. ಅನುಮಾನ ಬಂದರೆ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕಂತೆ: ಇದನ್ನು ನಿಮ್ಮ ಮನೆಯವರಿಗೆ ಕೊಡ್ತೀರಾ?

ಈ ಪ್ರಶ್ನೆಯಲ್ಲಿ ಒಂದು ತೊಡಕಿದೆ ಅಂತ ನನಗೆ ಮುಂದಿನ ವಾರ ಆಲೂಗಡ್ಡೆ ಪಾಳಿಯಲ್ಲಿ ಗೊತ್ತಾಯಿತು. ಸಣ್ಣಗೆ ಮೊಳಕೆ ಬಂದ ಆಲೂಗಡ್ಡೆ ನಮ್ಮ ಮನೆಯಲ್ಲಿ ಯಾರು ಎಸೆಯುತ್ತಾರೆ? ಮೊಳಕೆ ಕೆತ್ತಿ ಪಲ್ಯ ಮಾಡ್ತೀವಿ. ಹಸಿರು ಬಣ್ಣಕ್ಕೆ ತಿರುಗಿದ್ದು ಮಾತ್ರ ಬೇಡ, ಅದು ಹೊಟ್ಟೆಗೆ ಆಗಲ್ಲ. ನನ್ನ ಎದುರಿಗಿದ್ದ ಹೆಂಗಸು ಒಂದು ಮೊಳಕೆ ಕಂಡರೂ ಎಸೆಯುತ್ತಿದ್ದರು. ನಾನು ಇಡುತ್ತಿದ್ದೆ, ಅವರು ಎಸೆಯುತ್ತಿದ್ದರು, ನಾನು ಮತ್ತೆ ಎತ್ತಿಡುತ್ತಿದ್ದೆ. ಇಬ್ಬರೂ ನಮ್ಮ ನಮ್ಮ ಮನೆಯವರಿಗೆ ಕೊಡುವುದನ್ನೇ ಮಾಡುತ್ತಿದ್ದೆವು. ಕೊನೆಗೆ ಗಡ್ಡದ ಹುಡುಗ ಬಂದು ಅವರ ಪರ ತೀರ್ಪು ಕೊಟ್ಟ. ಚೀಲ ಲಾರಿಯಲ್ಲಿ ಇನ್ನೂ ಮೂರು ನಾಲ್ಕು ದಿನ ಇರುತ್ತೆ, ಇವತ್ತಿನ ಸಣ್ಣ ಮೊಳಕೆ ಅಷ್ಟೊತ್ತಿಗೆ ಸಣ್ಣದಿರಲ್ಲ ಅಂದ. ಒಪ್ಪಿದೆ. ಮನಸ್ಸು ಒಪ್ಪಲಿಲ್ಲ, ತಲೆ ಒಪ್ಪಿತು.

ಮೂರನೇ ಪಾಳಿ ಡಬ್ಬಿಗಳು. ಇದರಲ್ಲಿ ಕಲಿಯೋಕೆ ಜಾಸ್ತಿ ಇದೆ. ಡಬ್ಬಿ ಉಬ್ಬಿದ್ದರೆ, ಸೋರಿದ್ದರೆ ಯೋಚನೆಯೇ ಇಲ್ಲ, ಹೊರಗೆ. ನಗ್ಗಿದ್ದರೆ ಎಲ್ಲಿ ನಗ್ಗಿದೆ ಅಂತ ನೋಡಬೇಕು. ಹೊಟ್ಟೆಯಲ್ಲಿ ಸಣ್ಣಗೆ ನಗ್ಗಿದ್ದರೆ ಪರವಾಗಿಲ್ಲ, ಅಂಚಿನ ಬೆಸುಗೆ ಮೇಲೆ ಆಳವಾಗಿ ನಗ್ಗಿದ್ದರೆ ಬೇಡ. ಮೇಲೆ ಬರೆದ "ಬೆಸ್ಟ್ ಬೈ" ತಾರೀಖು ದಾಟಿದ್ದರೂ ಎಷ್ಟೋ ಡಬ್ಬಿ ಇಟ್ಟುಕೊಳ್ಳುತ್ತಾರೆ. ಅದು ರುಚಿ ಚೆನ್ನಾಗಿರುವ ದಿನಾಂಕ, ಕೆಡುವ ದಿನಾಂಕವಲ್ಲ. ಹಸುಗೂಸಿನ ಹಾಲಿನಪುಡಿಗೆ ಮಾತ್ರ ತಾರೀಖು ದಾಟಿದರೆ ಮುಲಾಜಿಲ್ಲ. ನಾನು ಮನೆಗೆ ಬಂದು ಮಗಳ ಅಡುಗೆಮನೆ ಕಪಾಟು ತೆಗೆದು ನೋಡಿದೆ. ತಾರೀಖು ದಾಟಿತು ಅಂತ ಅವಳು ತಿಂಗಳಿಗೆ ಎಷ್ಟು ಎಸೆಯುತ್ತಿದ್ದಳೋ! ಆ ಜಗಳ ಇಲ್ಲಿ ಬೇಡ.

ಈಗ ಹುಳುಕಿನ ವಿಷಯಕ್ಕೆ ಬರುತ್ತೇನೆ.

ಪಾಳಿ ಮುಗಿಯುವಾಗ ಎಲ್ಲರನ್ನೂ ಗುಂಪು ಸೇರಿಸಿ ಲೆಕ್ಕ ಹೇಳುತ್ತಾರೆ. ಕಿತ್ತಳೆ ದಿನ ನಾವು ಸುಮಾರು ನಲವತ್ತು ಜನ ಎರಡೂವರೆ ಗಂಟೆಯಲ್ಲಿ 12,000 ಪೌಂಡ್ ಹಣ್ಣು ಚೀಲಕ್ಕೆ ತುಂಬಿದ್ದೆವು. "ಅಂದರೆ ನೀವು ಇವತ್ತು 10,000 ಊಟ ಕೊಟ್ಟಿರಿ!" ಅಂದರು. ಚಪ್ಪಾಳೆ, ಸಿಳ್ಳೆ, ಹಿಂದೆ ಜೋರಾಗಿ ಹಾಡು. ನಾನೂ ಚಪ್ಪಾಳೆ ತಟ್ಟಿದೆ. ಕಾರಲ್ಲಿ ಕೂತ ಮೇಲೆ ತಲೆಯಲ್ಲಿ ಕೊರೆಯಲು ಶುರುವಾಯಿತು. ಕಿತ್ತಳೆ ಹಣ್ಣು ಊಟ ಹೇಗಾಯಿತು?

ಇದು ಅವರು ಸುಮ್ನೆ ಹೇಳಿದ ಸಂಖ್ಯೆ ಅಲ್ಲ. ಇಲ್ಲಿನ ಫುಡ್ ಬ್ಯಾಂಕುಗಳು 1.2 ಪೌಂಡಿಗೆ ಒಂದು ಊಟ ಅಂತ ಲೆಕ್ಕ ಹಿಡಿಯುತ್ತವೆ. ನಮ್ಮ ಲೆಕ್ಕದಲ್ಲಿ ಸುಮಾರು 544 ಗ್ರಾಂ. ಅಕ್ಕಿ, ಹಾಲು, ತರಕಾರಿ, ಮಾಂಸ ಎಲ್ಲಾ ಕೂಡಿಸಿ ಸರಾಸರಿ ತೆಗೆದರೆ ಅದು ತಪ್ಪಿಲ್ಲದಿರಬಹುದು. ಆದರೆ ನಾನು ಬಿಸಿಯೂಟದ ದಾಸ್ತಾನು ಪುಸ್ತಕ ಬರೆದವಳು. ಒಂದರಿಂದ ಐದನೇ ತರಗತಿ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಒಟ್ಟು 175 ಗ್ರಾಂ, ಅದು ಬೆಂದು ಒಂದು ತಟ್ಟೆ ಊಟ ಆಗುತ್ತೆ. ಆರರಿಂದ ಎಂಟಕ್ಕೆ ಅಕ್ಕಿ 150. ಇದನ್ನು ಮಗುವಿನ ಹಾಜರಿ ಜೊತೆ ಗುಣಿಸಿ, ಮೂಟೆ ತೂಕದ ಜೊತೆ ತಾಳೆ ಹಾಕಿ, ಎರಡು ಕೆಜಿ ಹೆಚ್ಚುಕಮ್ಮಿ ಆದರೆ ಮೇಲಿನವರಿಗೆ ಉತ್ತರ ಕೊಟ್ಟವಳು. 544 ಗ್ರಾಂ ಕಿತ್ತಳೆಗೆ ಒಂದು ಊಟ ಅಂತ ನಾನು ಪುಸ್ತಕದಲ್ಲಿ ಬರೆದಿದ್ದರೆ ಅಕ್ಷರ ದಾಸೋಹದ ಅಧಿಕಾರಿ ನನ್ನ ಕೆಂಪು ಪೆನ್ನಿಂದಲೇ ಗೆರೆ ಎಳೆಯುತ್ತಿದ್ದರು. ತೂಕ ಹೇಳಿ ಸುಮ್ಮನಾಗಿದ್ದರೆ ಸಾಕಾಗಿತ್ತು. 12,000 ಪೌಂಡ್ ಕಿತ್ತಳೆ ಕಮ್ಮಿ ಕೆಲಸವಾ?

ಎರಡನೆಯದು ಕಂಪನಿ ಗುಂಪುಗಳು. ಒಂದು ಪಾಳಿಗೆ ಒಂದು ಆಫೀಸಿನಿಂದ ಇಪ್ಪತ್ತು ಜನ ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಬಂದಿದ್ದರು. ಖುಷಿಯ ಹುಡುಗರು, ಕೆಲಸ ಮಾಡಲಿಲ್ಲ ಅಂತಲ್ಲ. ಆದರೆ ಗಂಟು ಹಾಕುವುದಕ್ಕಿಂತ ಗಂಟು ಹಾಕುವ ಫೋಟೋ ಜಾಸ್ತಿ ಆಯಿತು. ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ಊಟಕ್ಕೆ ಬುಕ್ ಆಗಿದೆ ಅಂತ ಹೊರಟರು. ನೆಲ ಗುಡಿಸಿ, ಮೇಜು ಒರೆಸಿ, ರಟ್ಟು ಮಡಚಿ ಕಟ್ಟಿದ್ದು ನಾನು, ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್, ಸ್ಕೂಲಿಗೆ ಸೇವೆಯ ಗಂಟೆ ತೋರಿಸಲು ಬಂದಿದ್ದ ಇಬ್ಬರು ಹೈಸ್ಕೂಲ್ ಹುಡುಗಿಯರು. ನವೆಂಬರ್, ಡಿಸೆಂಬರಲ್ಲಿ ಹಬ್ಬದ ಹುರುಪಿಗೆ ಜನ ಮುಗಿಬೀಳುತ್ತಾರಂತೆ, ಜನವರಿ ಬಂದರೆ ಮೇಜು ಖಾಲಿ. ಹೊಟ್ಟೆಗೆ ಜನವರಿ ಡಿಸೆಂಬರ್ ಗೊತ್ತಾಗುತ್ತಾ ಅಂತ ಪೋಸ್ಟ್‌ಮ್ಯಾನ್ ಕೇಳಿದರು. ಅವರು ಎಂಟು ವರ್ಷದಿಂದ ಪ್ರತಿ ಬುಧವಾರ ಬರುತ್ತಿದ್ದಾರೆ.

ಮೂರನೆಯದು ನನ್ನ ಮಂಡಿ. ಸಿಮೆಂಟ್ ನೆಲ, ಎರಡೂವರೆ ಗಂಟೆ ನಿಂತೇ ಇರಬೇಕು, ತಣ್ಣಗಿನ ಗಾಳಿ ಬೇರೆ. ಮೊದಲೆರಡು ಪಾಳಿ ಹಲ್ಲು ಕಚ್ಚಿ ನಿಂತೆ, ರಾತ್ರಿ ಎಣ್ಣೆ ಹಚ್ಚಿ ಮಲಗಿದೆ. ಆಮೇಲೆ ಗೊತ್ತಾಯಿತು, ಕೇಳಿದರೆ ಕೂತು ಮಾಡುವ ಕೆಲಸ ಕೊಡುತ್ತಾರೆ. ಚೀಟಿ ಅಂಟಿಸೋದು, ಚೀಲ ಬಿಡಿಸಿಡೋದು. ನಾವಾಗಿ ಕೇಳಬೇಕು, ಅವರಾಗಿ ಹೇಳಲ್ಲ. ಬಿಳಿ ಕೂದಲು ಕಂಡಾಗ ಒಂದು ಮಾತು ಕೇಳಬಹುದಿತ್ತು.

ಇಷ್ಟು ಕಳೆದು ಗೋಡೌನಿಗೆ ನೂರಕ್ಕೆ ಎಪ್ಪತ್ತೆಂಟು ಕೊಡ್ತೀನಿ. ನನ್ನ ಕೈಯಲ್ಲಿ ಎಪ್ಪತ್ತೆಂಟು ತಗೊಳ್ಳೋದು ಎಷ್ಟು ಕಷ್ಟ ಅಂತ ನನ್ನ ಹಳೇ ವಿದ್ಯಾರ್ಥಿಗಳನ್ನು ಕೇಳಿ. ಶುಚಿತ್ವಕ್ಕೆ, ಶಿಸ್ತಿಗೆ, ಬಂದವರನ್ನು ಜಾತಿ ಗೀತಿ ಕೇಳದೆ ಒಂದೇ ಮೇಜಿಗೆ ನಿಲ್ಲಿಸುವುದಕ್ಕೆ ಅಷ್ಟು ಸಲ್ಲಬೇಕು.

ಆದರೂ ನಾಲ್ಕು ಪಾಳಿ ಆದ ಮೇಲೆ ಏನೋ ಕೊರತೆ ಅನ್ನಿಸುತ್ತಿತ್ತು. ಶಾಲೆಯಲ್ಲಿ ಹನ್ನೆರಡೂವರೆಗೆ ತಟ್ಟೆ ಸದ್ದು ಕೇಳಿದರೆ ನನಗೆ ಗೊತ್ತಾಗುತ್ತಿತ್ತು, ಇವತ್ತು ಹುಳಿ ಚೆನ್ನಾಗಿದೆಯೋ ಇಲ್ಲವೋ ಅಂತ. ಯಾವ ಮಗು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತೆ, ಯಾವುದು ಸೋಮವಾರ ಮಾತ್ರ ಗಬಗಬ ತಿನ್ನುತ್ತೆ, ಎಲ್ಲಾ ಕಾಣುತ್ತಿತ್ತು. ಸೋಮವಾರ ಗಬಗಬ ತಿನ್ನುವ ಮಗುವಿನ ಮನೆಯಲ್ಲಿ ಶನಿವಾರ ಭಾನುವಾರ ಒಲೆ ಸರಿಯಾಗಿ ಉರಿದಿಲ್ಲ ಅಂತ ಅರ್ಥ. ಇಲ್ಲಿ ಹಣ್ಣು ಚೀಲಕ್ಕೆ ಹೋಗುತ್ತೆ, ಚೀಲ ಪೆಟ್ಟಿಗೆಗೆ, ಪೆಟ್ಟಿಗೆ ಲಾರಿಗೆ. ಆಮೇಲೆ? "ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು" ಅಂತ ನಮ್ಮಮ್ಮ ಅತ್ತೆ ಮೇಲಿನ ಸಿಟ್ಟಿಗೆ ಹೇಳುತ್ತಿದ್ದರು. ನನಗೆ ಬಡಿಸುವವಳಾಗಬೇಕಿತ್ತು.

ಐದನೇ ಪಾಳಿ ಹಂಚುವ ಕಡೆ ಹಾಕಿಸಿಕೊಂಡೆ. ಒಂದು ಶಾಲೆಯ ಕಾರ್ ಪಾರ್ಕಿಂಗ್. ಒಂಬತ್ತಕ್ಕೆ ಶುರು ಅಂದರೆ ಎಂಟಕ್ಕೇ ಸಾಲು ಇತ್ತು. ಒಂದು ಸಾಲು ಕಾರಿನವರದು, ಡಿಕ್ಕಿ ತೆರೆದರೆ ನಾವು ಪೆಟ್ಟಿಗೆ ಇಡುತ್ತೇವೆ, ಅವರು ಇಳಿಯುವುದೂ ಇಲ್ಲ. ಇನ್ನೊಂದು ನಡೆದು ಬಂದವರದು, ಕೈಗಾಡಿ, ಮಗುವಿನ ತಳ್ಳುಗಾಡಿ, ಬೆನ್ನಿಗೆ ಚೀಲ. ನನ್ನನ್ನು ಎರಡನೆಯದಕ್ಕೆ ಹಾಕಿದರು. ಕಾರು ಇದ್ದವರಿಗೂ ಹಸಿವಾ ಅಂತ ಮೂಗು ಮುರಿಯಬೇಡಿ. ಇಲ್ಲಿ ಕಾರು ಅಂದರೆ ನಮ್ಮೂರ ಟಿವಿಎಸ್ ಎಕ್ಸೆಲ್ ಇದ್ದ ಹಾಗೆ, ಅದಿಲ್ಲದೆ ಕೂಲಿಗೂ ಹೋಗಲಾಗದು. ಯಾರನ್ನೂ ಸಂಬಳ ಎಷ್ಟು, ಕಾಗದ ತೋರಿಸಿ ಅಂತ ಪೀಡಿಸಲಿಲ್ಲ. ಹೆಸರು, ಮನೆಯಲ್ಲಿ ಎಷ್ಟು ಜನ, ಅಷ್ಟೇ ಬರೆದುಕೊಂಡರು.

ಒಂದು ವಿಷಯಕ್ಕೆ ನನಗೆ ತುಂಬಾ ಖುಷಿಯಾಯಿತು. ಕ್ಯಾಲಿಫೋರ್ನಿಯಾದಲ್ಲಿ 2022-23ರ ಶಾಲಾ ವರ್ಷದಿಂದ ಸರ್ಕಾರಿ ಶಾಲೆಯ ಎಲ್ಲಾ ಮಕ್ಕಳಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಪುಕ್ಕಟೆ. ಬಡವರ ಮಕ್ಕಳು ಯಾರು ಅಂತ ಪಟ್ಟಿ ಮಾಡುವ ಗೋಜಿಲ್ಲ. 2001ರಲ್ಲೇ ನಮ್ಮ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆ ಮಕ್ಕಳಿಗೆ ಬೇಯಿಸಿದ ಊಟ ಕೊಡಿ ಅಂತ ಹೇಳಿತ್ತು ಅಂದೆ ಪಕ್ಕದಲ್ಲಿದ್ದ ಹೆಂಗಸಿಗೆ. ಅವರು ನಂಬಲಿಲ್ಲ ಅಂತ ಕಾಣುತ್ತೆ. ಬೇಸಿಗೆ ರಜೆ ಬಂದರೆ ಇಲ್ಲಿ ಸಾಲು ಉದ್ದ ಆಗುತ್ತೆ ಅಂತ ಅವರು ಹೇಳಿದರು. ಅದನ್ನು ನಾನು ತಕ್ಷಣ ನಂಬಿದೆ. ಬರ ಬಂದ ವರ್ಷ ಬೇಸಿಗೆ ರಜೆಯಲ್ಲೂ ಅಡುಗೆಮನೆ ಬಾಗಿಲು ತೆಗೆಸಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹತ್ತೂವರೆ ಹೊತ್ತಿಗೆ ಒಬ್ಬರು ಬಂದರು. ಐವತ್ತರ ಆಸುಪಾಸು, ಸೆಕ್ಯುರಿಟಿ ಗಾರ್ಡಿನ ನೀಲಿ ಅಂಗಿ, ಇಸ್ತ್ರಿ ಇಲ್ಲದಿದ್ದರೂ ಗುಂಡಿ ಎಲ್ಲಾ ಸರಿಯಾಗಿ ಹಾಕಿತ್ತು. ನಾನು ಆಲೂಗಡ್ಡೆ ಚೀಲ ಕೊಟ್ಟೆ. ನಾನು ಕಟ್ಟಿದ ಚೀಲವೋ ಬೇರೆಯವರದೋ ಗೊತ್ತಿಲ್ಲ, ಒಳ್ಳೆ ಗಂಟು, ಒಂದೂ ಮೊಳಕೆ ಇಲ್ಲ. ಅವರು ತಗೊಂಡು, ನೋಡಿ, ಮೆಲ್ಲಗೆ ಮೇಜಿನ ಮೇಲೆ ವಾಪಸ್ ಇಟ್ಟರು. ಒಣ ಬೀನ್ಸ್ ಕಾಳಿನ ಪೊಟ್ಟಣ ಕೊಟ್ಟೆ, ಅದನ್ನೂ ಇಟ್ಟರು. ಅಕ್ಕಿ, ಅದೂ ವಾಪಸ್. ಬೇಡವಾ ಅಂತ ಕೇಳಿದೆ. "ನೋ ಸ್ಟೋವ್, ಮ್ಯಾಮ್" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಪಾರ್ಕಿಂಗಿನ ಆಚೆ ತುದಿಯ ಒಂದು ಬೂದು ಬಣ್ಣದ ಕಾರಿನ ಕಡೆ ಗದ್ದ ಎತ್ತಿ ತೋರಿಸಿದರು. ಹಿಂದಿನ ಕಿಟಕಿಗೆ ಟವಲ್ ಕಟ್ಟಿತ್ತು.

ಬೀನ್ಸ್ ಡಬ್ಬಿ ಎತ್ತಿ ಕೊಟ್ಟೆ. ಬೇಯಿಸಿದ್ದು, ಹಾಗೇ ತಿನ್ನಬಹುದು. ಅವರು ಡಬ್ಬಿ ತಿರುಗಿಸಿ ಮುಚ್ಚಳ ನೋಡಿದರು. ಎಳೆದು ತೆಗೆಯುವ ರಿಂಗ್ ಇರಲಿಲ್ಲ. ಓಪನರ್ ಬೇಕು. ಅದೂ ಮೇಜಿಗೆ.

ಅವರು ಕಿತ್ತಳೆ ಚೀಲ ತಗೊಂಡರು. ಎರಡು ಹೆಜ್ಜೆ ಆಚೆ ಹೋಗಿ ನಿಂತು, ಗಂಟು ಬಿಚ್ಚಿ, ಒಂದು ಸುಲಿದು ತಿಂದರು. ಇನ್ನೊಂದು ಸುಲಿದರು. ಸಿಪ್ಪೆಯನ್ನು ಅಂಗಿ ಜೇಬಿಗೆ ಹಾಕಿಕೊಂಡರು, ನೆಲಕ್ಕೆ ಹಾಕಲಿಲ್ಲ. ಮೂರನೆಯದು ತಿಂದು ಕೆಲಸಕ್ಕೆ ಹೊತ್ತಾಯಿತು ಅನ್ನುವ ಹಾಗೆ ಗಡಿಯಾರ ನೋಡಿಕೊಂಡರು. ಗೋಡೌನಿನವರ ಊಟದ ಲೆಕ್ಕದ ಬಗ್ಗೆ ನಾನು ಮೇಲೆ ಬರೆದದ್ದನ್ನು ಅಳಿಸೋಣ ಅಂತ ಒಂದು ಗಳಿಗೆ ಅನ್ನಿಸಿತು. ಅಳಿಸಲಿಲ್ಲ. ಅದೂ ನಿಜ, ಇದೂ ನಿಜ.

ಅವರು ಹೊರಡುವ ಮೊದಲು ಅಲ್ಲಿನ ಮೇಲ್ವಿಚಾರಕಿ ಓಡಿ ಬಂದು ಇನ್ನೊಂದು ಚೀಲ ಕೊಟ್ಟರು. ಒಲೆ ಇಲ್ಲದವರಿಗೆ ಅಂತಲೇ ಬೇರೆ ಚೀಲ ಇದೆ: ಕಡಲೆಕಾಯಿ ಬೆಣ್ಣೆ, ಬಿಸ್ಕತ್ತು, ಹಣ್ಣಿನ ಸಣ್ಣ ಡಬ್ಬಿ, ಫ್ರಿಜ್ ಬೇಡದ ಹಾಲು. ಟೆಂಟಿನ ಹಿಂದೆ, ಕೇಳಿದವರಿಗೆ ಮಾತ್ರ ಕೊಡುವ ಹಾಗೆ ಇಟ್ಟಿದ್ದರು. ಯಾಕೆ ಮುಂದೆ ಇಡಲ್ಲ ಅಂತ ಕೇಳಿದೆ. ಮುಂದೆ ಇಟ್ಟರೆ ಎಲ್ಲರೂ ಕೇಳುತ್ತಾರೆ, ಇರೋದು ಇಪ್ಪತ್ತೇ ಚೀಲ ಅಂದರು. ಸರಿ, ಆದರೆ ಕೇಳುವುದಕ್ಕೆ ನಾಚುವವರು ಏನು ಮಾಡಬೇಕು? ಸರ್ಕಾರದ ಆ ಕಾರ್ಡಲ್ಲೂ ಅಂಗಡಿಯ ಬಿಸಿ ಅಡುಗೆ ಸಾಮಾನ್ಯವಾಗಿ ಕೊಳ್ಳುವ ಹಾಗಿಲ್ಲ. ಒಲೆ ಇದ್ದವರಿಗೆ ಅಕ್ಕಿ, ಒಲೆ ಇಲ್ಲದವರಿಗೂ ಅಕ್ಕಿ. ಈ ಒಂದು ವಿಷಯಕ್ಕೆ ಹಂಚುವ ಕಡೆಗೆ ಐದು ಮಾರ್ಕ್ಸು ಕಳೆದೆ. ಕಳೆದರೂ ಎಂಬತ್ತೈದು ಬಂತು. ಸಾಲಿನಲ್ಲಿದ್ದವರನ್ನು ಅವರು ಮಾತಾಡಿಸುವ ರೀತಿಗೆ.

ಹೋಗುವವರಿಗೆ ನಾನು ಹೇಳೋದು ಇಷ್ಟೇ. ಗೋಡೌನಿಗೆ ಹೋಗುವ ಮೊದಲು ಒಂದು ಸಲ ಹಂಚುವ ಕಡೆ ಹೋಗಿ. ನಾನು ಉಲ್ಟಾ ಮಾಡಿದೆ. ವಾರದ ಮಧ್ಯೆ ಹೋಗಿ, ಮೊಣಕಾಲು ನೋವಿದ್ದರೆ ಬಾಯಿಬಿಟ್ಟು ಹೇಳಿ, ಒಳಗೊಂದು ಸ್ವೆಟರ್ ಹಾಕಿಕೊಳ್ಳಿ. ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯಬೇಡಿ. ಸಾಲಲ್ಲಿದ್ದ ಒಬ್ಬ ವಿಯೆಟ್ನಾಂ ಅಜ್ಜಿಗೆ ನನ್ನಷ್ಟೂ ಬರುತ್ತಿರಲಿಲ್ಲ. ಒಂದು ದೊಡ್ಡ ಎಲೆಕೋಸನ್ನು ಇಬ್ಬರೂ ಕೈಸನ್ನೆಯಲ್ಲೇ ಹೆಚ್ಚಿ, ಒಗ್ಗರಣೆ ಹಾಕಿ, ಬೇಯಿಸಿ ಇಳಿಸಿದೆವು.

ಆರನೇ ಪಾಳಿ ಮೊನ್ನೆ ಬುಧವಾರ ಆಯಿತು. ಒಲೆ ಬೇಡದ ಚೀಲ ತುಂಬುವ ಮೇಜು ಎಲ್ಲಿದೆ ಅಂತ ಕೇಳಿದೆ. ಗೋಡೌನಿನ ಮೂಲೆಯಲ್ಲಿ ಒಂದೇ ಮೇಜು, ಹಾಡು ಅಷ್ಟು ಜೋರಾಗಿ ಕೇಳಲ್ಲ, ಫೋಟೋ ತೆಗೆಯುವವರೂ ಬರಲ್ಲ. ಕುರ್ಚಿ ಇತ್ತು. ಪಕ್ಕದಲ್ಲಿ ಪೋಸ್ಟ್‌ಮ್ಯಾನ್. ಅವರು ಚಮಚ, ಕಾಗದದ ಕರವಸ್ತ್ರ ಹಾಕುತ್ತಿದ್ದರು. ನನಗೆ ಡಬ್ಬಿಗಳ ಕೆಲಸ. ಒಂದೊಂದನ್ನೂ ಎತ್ತಿ, ತಿರುಗಿಸಿ, ಮುಚ್ಚಳದ ಮೇಲೆ ಬೆರಳಾಡಿಸಿ ರಿಂಗ್ ಇದೆಯಾ ನೋಡುವುದು. ಇದ್ದದ್ದು ಚೀಲಕ್ಕೆ, ಇಲ್ಲದ್ದು ಆಚೆ. ನೂರಾ ಅರವತ್ತು ಚೀಲ ಆಯಿತು. ಕೊನೆಗೆ ಗಡ್ಡದ ಹುಡುಗ ಬಂದು ಎಷ್ಟು ಪೌಂಡ್ ಆಯಿತು, ತೂಕ ಮಾಡಬೇಕು ಅಂದ. ತೂಕ ಆಮೇಲೆ ಮಾಡು, ಮೊದಲು ಆ ಪೆಟ್ಟಿಗೆ ಇಲ್ಲಿ ತಳ್ಳು, ಇನ್ನೂ ನಲವತ್ತು ಡಬ್ಬಿ ನೋಡೋದಿದೆ ಅಂದೆ. ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಅವನು ಪೆಟ್ಟಿಗೆ ತಳ್ಳಿದ.